ಅಂಚಿನಲ್ಲಿ ಒಂಬತ್ತು ಇಂಚು

ಫೆಬ್ರವರಿ 3

ಅಕ್ಕಾ,

ನಮ್ಮ ಮನೆಯ ಮೇಲೆ ಇಪ್ಪತ್ನಾಲ್ಕು ಸೋಲಾರ್ ಪ್ಯಾನೆಲ್ ಬಂದು ಕೂತಿವೆ, ಇವರು ನನಗೆ ಕೊಟ್ಟ ಮದುವೆಯ ಉಡುಗೊರೆ, ನಿನ್ನೆಯಿಂದ ಫ್ರಿಜ್ಜು, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವೂ ಬಿಸಿಲು ಕುಡಿದುಕೊಂಡೇ ಓಡುತ್ತಿವೆ. ಒಂದೇ ಉಸಿರಿನಲ್ಲಿ ಬರೆದುಬಿಟ್ಟೆ. ಇನ್ನು ನಿಧಾನವಾಗಿ ಹೇಳುತ್ತೇನೆ.

ಬೇರೆ ಹೆಂಗಸರಿಗೆ ಗಂಡಂದಿರು ಉಂಗುರ ಕೊಡುತ್ತಾರೆ. ನನ್ನ ಗಂಡ ಸೂರ್ಯನನ್ನೇ ಹಿಡಿದು ತಂದು ತಾರಸಿಯ ಮೇಲೆ ಕಟ್ಟಿಹಾಕಿದ್ದಾರೆ. ಈ ಮಾತನ್ನು ಇವರಿಗೇ ಹೇಳಿದೆ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ನಾಚಿಕೆಯಾದರೆ ಹಾಗೆ ಮಾಡುತ್ತಾರೆ. ಸೋಲಾರ್ ಅಂಗಡಿಯಲ್ಲಿ ದಿನವಿಡೀ ಬೇರೆಯವರ ತಾರಸಿಗಳ ನಕ್ಷೆ ಬರೆಯುವವರು, ತಮ್ಮ ತಾರಸಿಗೆ ಬರೆದದ್ದು ಇದೇ ಮೊದಲು. ಮದುವೆಯಾದ ನಾಲ್ಕನೇ ದಿನ, ಎಷ್ಟು ಪ್ಯಾನೆಲ್ ಹಾಕಲಿ ಎಂದು ನನ್ನನ್ನೇ ಕೇಳಿದರು. ನಾನು ಏನೋ ಒಂದು ಹೇಳಿದೆ. ಅದೇನೆಂದು ನಿನಗೂ ಹೇಳುವುದಿಲ್ಲ. ಗಂಡ ಹೆಂಡತಿಯ ಗುಟ್ಟು ಅಂತ ಒಂದಾದರೂ ಬೇಡವೇ?

ಫೋಟೋ ಇಟ್ಟಿದ್ದೇನೆ. ಎದುರುಮನೆ ಮೇಷ್ಟ್ರ ಬಾಲ್ಕನಿಯಿಂದ ತೆಗೆದದ್ದು. ಕಪ್ಪು ಬೆಡ್‌ಶೀಟನ್ನು ನಾಲ್ಕೂ ಕಡೆ ಹಾಸಿಗೆಯ ಕೆಳಗೆ ಸಿಕ್ಕಿಸಿ ಎಳೆದು ಹಾಸಿದ ಹಾಗಿಲ್ಲವೇ? ಒಂದು ಸುಕ್ಕಿಲ್ಲ, ಒಂದು ಸಂದಿಲ್ಲ. ಹಿಂದೆ ಕಾಣುವ ಒಂಟಿ ಕೋಣೆ ಇವರ ಅಜ್ಜಿಯದು. ಮನೆಯಲ್ಲಿ ನಾವು ಮೂವರೇ. ನಾವಿಬ್ಬರು ಕೆಳಗೆ, ಅಜ್ಜಿ ಮೇಲೆ ತಮ್ಮ ಹೊಲಿಗೆ ಯಂತ್ರದ ಜೊತೆ. ನಲವತ್ತು ವರ್ಷ ಟೈಲರ್ ಆಗಿದ್ದವರು. ನನ್ನನ್ನು ಮೊದಲ ಸಲ ನೋಡಿದಾಗ ಹೆಸರು ಕೇಳಲಿಲ್ಲ, "ಬಲಗಡೆ ಭುಜ ಅರ್ಧ ಇಂಚು ಇಳಿದಿದೆ" ಎಂದರು. ಪ್ಯಾನೆಲ್ ನೋಡಿ ಅಂದದ್ದು, "ಬಾಗಿಲ ಮುಂದೆ ಕಪ್ಪು ಕೆರೆ ತೋಡಿಟ್ಟಿದ್ದೀರಲ್ಲೋ."

ನಿನಗೆ ಏನನ್ನಿಸಿತು, ಬರೆ. ಫೋನ್ ಬೇಡ. ಫೋನಿನಲ್ಲಿ ನೀನು "ಹೂಂ" ಬಿಟ್ಟು ಬೇರೇನೂ ಹೇಳುವುದಿಲ್ಲ, ಕಾಗದದಲ್ಲಾದರೆ ನಾಲ್ಕು ಸಾಲು ಗ್ಯಾರಂಟಿ.

ನಿನ್ನ ಗುಬ್ಬಿ

---

ಫೆಬ್ರವರಿ 9

ಗುಬ್ಬಿ,

ಕಾಗದ ಬಂತು. ನೀನು ನಗುತ್ತಿರುವುದು ಅಕ್ಷರದಲ್ಲೇ ಕೇಳಿಸಿತು. ಸಂತೋಷ.

ಫೋಟೋವನ್ನು ನಮ್ಮ ಅಗ್ನಿಶಾಮಕ ಠಾಣೆಗೆ ಒಯ್ದು ಭೂತಗನ್ನಡಿ ಇಟ್ಟು ನೋಡಿದೆ. ಸಂದಿಲ್ಲ ಎಂದು ನೀನು ಹೆಮ್ಮೆಯಿಂದ ಬರೆದಿದ್ದೀಯ. ನನಗೆ ಹಿಡಿಸದೆ ಇದ್ದದ್ದು ಅದೇ. ಒಂದು ಕ್ಷಣ ನಾನು ನಿನ್ನ ಅಕ್ಕ ಅಲ್ಲ, ಅಗ್ನಿಶಾಮಕ ದಳದ ಏಣಿಯವಳು ಅಂದುಕೋ. ನಿಮ್ಮ ಬೀದಿಯಿಂದ ಏಣಿ ಒರಗಿಸಿ ಹತ್ತಿದೆ. ತಾರಸಿಯ ಅಂಚಿಗೆ ಬಂದೆ. ಕಾಲು ಎಲ್ಲಿಡಲಿ?

ಪ್ಯಾನೆಲ್ ಮೇಲೆ ಇಡು ಅನ್ನಬೇಡ. ಅದು ಗಾಜು. ಕೆಳಗೆ ಮೇನ್ ಸ್ವಿಚ್ ಆರಿಸಿದರೂ ಬಿಸಿಲು ಇರುವಷ್ಟು ಹೊತ್ತು ಅದರಲ್ಲಿ ಕರೆಂಟ್ ಇರುತ್ತದೆ. ಅಂಚಿನಿಂದ ಮೂರು ಅಡಿ ಬಿಡಬೇಕು ಎನ್ನುವುದು ಅದಕ್ಕೇ. ಬೆನ್ನಿಗೆ ಸಿಲಿಂಡರ್, ಹೆಗಲಿಗೆ ನೀರಿನ ಪೈಪು ಹೊತ್ತ ಒಬ್ಬರು ನಡೆದು ಹೋಗಿ, ಇನ್ನೊಬ್ಬರನ್ನು ಹಿಡಿದುಕೊಂಡು ವಾಪಸ್ ಬರುವಷ್ಟು ಜಾಗ.

ಅಜ್ಜಿಯ ಕೋಣೆಗೆ ಮೆಟ್ಟಿಲು ಎಲ್ಲಿಂದ? ಅಡುಗೆಮನೆಯ ಪಕ್ಕದಿಂದಲೇ? ಹಾಗಿದ್ದರೆ ಅಡುಗೆಮನೆ ಹತ್ತಿಕೊಂಡ ದಿನ ಆ ಮೆಟ್ಟಿಲು ಹೊಗೆಯ ಕೊಳವೆ. ಅಜ್ಜಿಗೆ ಉಳಿಯುವ ದಾರಿ ತಾರಸಿ ಒಂದೇ. ಅಂಚಿನಿಂದ ಮೊದಲ ಪ್ಯಾನೆಲ್‌ಗೆ ಎಷ್ಟು ದೂರವಿದೆ ಎಂದು ಅಳೆದು ಬರೆ. ಕಣ್ಣಳತೆ ಬೇಡ.

ನಿಮ್ಮ ಪೆನ್ಸಿಲ್‌ಗೆ ಇದೆಲ್ಲ ಗೊತ್ತಿರಲೇಬೇಕು. ಅವನ ಕಸುಬೇ ಅದು.

ಅಕ್ಕ

---

ಫೆಬ್ರವರಿ 13

ಅಕ್ಕಾ,

ನಾನು ಉಡುಗೊರೆಯ ಫೋಟೋ ಕಳಿಸಿದರೆ ನೀನು ಬೆಂಕಿಯ ವರದಿ ಕಳಿಸಿದ್ದೀಯ. ಕೋಪವಿಲ್ಲ. ನನ್ನ ಮದುವೆಯ ಹಾಲ್‌ಗೆ ಬಂದಾಗ ನೀನು ಮೊದಲು ನೋಡಿದ್ದು ಗಂಡನ್ನಲ್ಲ, ಹೊರಗೆ ಹೋಗುವ ಬಾಗಿಲುಗಳನ್ನು. ಎರಡರಲ್ಲಿ ಒಂದಕ್ಕೆ ಕುರ್ಚಿ ಅಡ್ಡ ಇಟ್ಟಿದ್ದಾರೆ ಎಂದು ಗಂಡಿನ ಕಡೆಯವರನ್ನೇ ಎಬ್ಬಿಸಿದೆಯಲ್ಲ. ನಿನ್ನ ಕಣ್ಣಿಗೆ ಎಲ್ಲ ಮನೆಯೂ ಉರಿಯುವ ಮನೆಯೇ.

ಅಳೆಯಲು ಆಗಲಿಲ್ಲ. ಅಜ್ಜಿಯ ಕೋಣೆಯಿಂದ ತಾರಸಿಗೆ ಹೋಗುವ ಬಾಗಿಲಿಗೆ ಇವರು ಬೀಗ ಹಾಕಿದ್ದಾರೆ. ವೈರುಗಳಿವೆ, ಅಜ್ಜಿ ಎಡವಿ ಬಿದ್ದಾರು ಎಂದು. ಭಾನುವಾರ ಮಾತ್ರ ತಾವೊಬ್ಬರೇ ಟೇಪು ಹಿಡಿದು ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಬಂದಮೇಲೆ ಮಾತು ಕಡಿಮೆ. ಎಷ್ಟು ಕಾಳಜಿ ನೋಡು.

ಇನ್ನೊಂದು ವಿಷಯ ಕೇಳಿದರೆ ನಿನಗೆ ಸಮಾಧಾನವಾಗುತ್ತದೆ. ಮೊನ್ನೆ ಮಂಗಳವಾರ ಪರಿಶೀಲನೆಗೆ ಅಧಿಕಾರಿ ಬಂದಿದ್ದರು. ಬೀಗದ ಕೈ ಸಿಗಲಿಲ್ಲ, ಆದರೆ ನಕ್ಷೆ ನೋಡಿಯೇ ಸಹಿ ಹಾಕಿ ಹೋದರು. ಎಲ್ಲ ಸರಿಯಿದೆ ಎಂದರು. ಅಂದಮೇಲೆ ಎಲ್ಲ ಸರಿಯಿರಲೇಬೇಕಲ್ಲವೇ?

ಮತ್ತೆ, ಅವರನ್ನು ಪೆನ್ಸಿಲ್ ಎಂದು ಕರೆಯುವ ಹಕ್ಕು ನನ್ನೊಬ್ಬಳದು.

ಗುಬ್ಬಿ

---

ಫೆಬ್ರವರಿ 27

ಗುಬ್ಬಿ,

ಉತ್ತರ ತಡವಾಯಿತು. ಕೆಲಸ.

ಬೀಗದ ಕೈ ಸಿಗಲಿಲ್ಲ ಎಂದು ಬರೆದಿದ್ದೀಯ. ಎಲ್ಲಿತ್ತು? ಆಮೇಲೆ ಯಾರಿಗೆ ಸಿಕ್ಕಿತು?

ಅಧಿಕಾರಿ ನೋಡಿದ್ದು ಕಾಗದ, ತಾರಸಿಯನ್ನಲ್ಲ. ಟೇಪು ಬೇಡ, ಒಂದು ಪರೀಕ್ಷೆ ಹೇಳುತ್ತೇನೆ. ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗು ಹಾಕಿಕೋ. ಹಾಸಿಗೆಯೊಂದನ್ನು ಸುತ್ತಿ ಹೆಗಲ ಮೇಲೆ ಇಟ್ಟುಕೋ. ಅಜ್ಜಿಯ ಬಾಗಿಲಿನಿಂದ ಬೀದಿಯ ಕಡೆಯ ಅಂಚಿನವರೆಗೆ ನಡೆದು, ಅಲ್ಲಿ ತಿರುಗಿ, ವಾಪಸ್ ಬಾ. ಪ್ಯಾನೆಲ್‌ಗೆ ಒಂದು ಸಲವೂ ತಗುಲಬಾರದು. ಹಗಲಲ್ಲಿ ಮಾಡು, ಅಜ್ಜಿ ನೋಡುತ್ತಿರಲಿ. ಅಂಚು ಕಿರಿದಾಗಿದ್ದರೆ ಒಂದು ಹೆಜ್ಜೆಯನ್ನೂ ಮುಂದಿಡಬೇಡ, ನಿಲ್ಲು. ನಿಂತ ಜಾಗವೇ ನನಗೆ ಉತ್ತರ.

ಅಕ್ಕ

---

ಮಾರ್ಚ್ 3

ಅಕ್ಕಾ,

ನಿನ್ನ ಅಕ್ಷರಕ್ಕೆ ಏನಾಯಿತು? ಸಾಲುಗಳೆಲ್ಲ ಬೆಟ್ಟ ಹತ್ತುತ್ತಿವೆ. ಬಸ್ಸಿನಲ್ಲಿ ಕೂತು ಬರೆದೆಯಾ, ಇಲ್ಲಾ ಯಾರಾದರೂ ಹೊಸಬರು ನಿನ್ನ ಪರವಾಗಿ ಬರೆದುಕೊಡುತ್ತಿದ್ದಾರಾ? ಎರಡನೆಯದಾದರೆ ಅವರ ಅಕ್ಷರ ಕೆಟ್ಟದಾಗಿದ್ದರೂ ನನಗೆ ಒಪ್ಪಿಗೆ.

ಈಗ ಪರೀಕ್ಷೆಯ ವಿಷಯ.

ಇವರು ಕೆಲಸಕ್ಕೆ ಹೋದಮೇಲೆ ಮೇಲೆ ಹೋಗಿ, ಬೀಗದ ಕೈ ಎಲ್ಲಿರುತ್ತದೆ ಎಂದು ಅಜ್ಜಿಯನ್ನು ಕೇಳಿದೆ. ಅವರು ಸೂಜಿ ಡಬ್ಬಿ ತೆಗೆದು ಗುಂಡಿಗಳ ನಡುವಿನಿಂದ ಒಂದನ್ನು ಎತ್ತಿಕೊಟ್ಟರು. "ಬೀಗದ ಜೊತೆ ಎರಡು ಬರುತ್ತೆ ಕಣೇ. ಅವನು ಬೀಗ ಹಾಕಿದ್ದು ಬಾಗಿಲಿಗೆ, ನನಗಲ್ಲ" ಎಂದರು. ದಿನಾ ಬಾಗಿಲು ತೆಗೆದು, ಮೊದಲ ಸಾಲಿನ ಪ್ಯಾನೆಲ್ ಮೇಲೆ ಕರವಸ್ತ್ರ ಒಣಗಿಸುತ್ತಾರಂತೆ. ಐದು ನಿಮಿಷಕ್ಕೆ ಗರಿಗರಿ ಆಗುತ್ತದಂತೆ.

ಬ್ಯಾಗಿಗೆ ನನ್ನ ಹಳೆಯ ಇಂಗ್ಲಿಷ್ ಡಿಕ್ಷನರಿಗಳನ್ನು ತುಂಬಿಕೊಂಡೆ. ಹೆಗಲಿಗೆ ಅಜ್ಜಿಯ ಹಾಸಿಗೆ. ಹೊಸ ಸೊಸೆ ಹಾಸಿಗೆ ಹೊತ್ತು ತಾರಸಿಯ ಮೇಲೆ ನಿಂತದ್ದನ್ನು ಎದುರುಮನೆ ಮೇಷ್ಟ್ರು ನೋಡಿ, "ಏನಮ್ಮ, ಜಗಳ ಆಯ್ತಾ?" ಎಂದು ಕೂಗಿದರು. ನಾನು ನಕ್ಕೆ. ಆಮೇಲೆ ನಗು ಬರಲಿಲ್ಲ. ಬಾಗಿಲಿನಿಂದ ಮೂರು ಹೆಜ್ಜೆ, ಅಷ್ಟೇ. ನಾಲ್ಕನೆಯದಕ್ಕೆ ಜಾಗವಿರಲಿಲ್ಲ. ಒಂದು ಕಡೆ ಪ್ಯಾನೆಲ್, ಇನ್ನೊಂದು ಕಡೆ ಮೊಣಕಾಲಿಗೂ ಬರದ ಕಟ್ಟೆ, ಅದರಾಚೆ ಬೀದಿ. ತಿರುಗಲೂ ಆಗದೆ ಹಿಂದೆ ಹಿಂದೆಯೇ ಬಂದೆ. ಅಜ್ಜಿ ನನ್ನ ಬ್ಯಾಗಿನ ಪಟ್ಟಿ ಹಿಡಿದು ಒಳಗೆ ಎಳೆದುಕೊಂಡರು.

ಆಮೇಲೆ ಕೊರಳಿನ ಟೇಪು ತೆಗೆದು, ಬಾಗಿಲಲ್ಲೇ ಮಂಡಿಯೂರಿ, ಕಟ್ಟೆಯಿಂದ ಪ್ಯಾನೆಲ್‌ವರೆಗೆ ಅಳೆದರು. ಒಂಬತ್ತು ಇಂಚು. "ಎರಡು ವರ್ಷದ ಮಗುವಿನ ಅಂಗಿಯ ತೋಳು ಇಷ್ಟಿರುತ್ತೆ. ಅಂಚಿಗೆ ಬಟ್ಟೆ ಬಿಡದೇನೇ ಕತ್ತರಿಸಿದ್ದಾನೆ ನನ್ನ ಮೊಮ್ಮಗ" ಎಂದರು.

ಕಳೆದ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೆ. ಅಧಿಕಾರಿ ಬಂದ ದಿನ ಇವರು, "ಬೀಗದ ಕೈ ಅಂಗಡೀಲಿ ಉಳಿದುಬಿಟ್ಟಿದೆ ಸಾರ್" ಎಂದರು. ಹೇಳುವಾಗ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಜೇಬಿನೊಳಗೆ ಅದು ಸದ್ದು ಮಾಡಿತು. ನನಗೆ ಕೇಳಿಸಿತು. ನನಗೆ ಕೇಳಿಸಿತು ಎಂದು ಅವರಿಗೂ ಗೊತ್ತಾಯಿತು. ಇಬ್ಬರೂ ಅದರ ಬಗ್ಗೆ ಮಾತಾಡಿಲ್ಲ.

ಗುಬ್ಬಿ

---

ಮಾರ್ಚ್ 8

ಗುಬ್ಬಿ,

ಹೌದು, ಬಸ್ಸಿನಲ್ಲಿ ಬರೆದೆ.

ಈಗ ಹೇಳುವುದನ್ನು ಎರಡು ಸಲ ಓದು. ಒಂಬತ್ತು ಇಂಚು ತಪ್ಪಿ ಆದದ್ದಲ್ಲ. ಮೂರು ಅಡಿ ಎಂದರೆ ಮೂವತ್ತಾರು ಇಂಚು. ದಿನವೂ ಇದನ್ನೇ ಬರೆಯುವವನು ಇಪ್ಪತ್ತೇಳು ಇಂಚನ್ನು ಮರೆಯುವುದಿಲ್ಲ. ನಿನ್ನ ಗಂಡ ಬೇಕೆಂದೇ ದಾರಿ ಮುಚ್ಚಿದ್ದಾನೆ, ಮುಚ್ಚಿದ್ದು ಕಾಣಬಾರದೆಂದು ಬೀಗ ಹಾಕಿದ್ದಾನೆ, ಅಧಿಕಾರಿಗೆ ಸುಳ್ಳು ಹೇಳಿದ್ದಾನೆ. ಒಳಗಿರುವುದು ಅವನದೇ ಅಜ್ಜಿ. ತನ್ನ ಅಂಗಡಿಗೆ ದೊಡ್ಡ ಕೆಲಸ ತೋರಿಸುವ ಆಸೆಯೋ, ಬೀದಿಯವರ ಮುಂದೆ ಮೆರೆಯುವ ಆಸೆಯೋ, ನನಗೆ ಗೊತ್ತಿಲ್ಲ. ಇಂಥವನು ನಿನಗೆ ಇನ್ನೇನು ಮುಚ್ಚಿಟ್ಟಿದ್ದಾನೋ ಅದೂ ಗೊತ್ತಿಲ್ಲ.

ಅಜ್ಜಿಯನ್ನು ಇವತ್ತೇ ಕೆಳಗೆ ಮಲಗಿಸು. ಅಧಿಕಾರಿ ಸಹಿ ಹಾಕಿದ ನಕ್ಷೆಯ ಪ್ರತಿ ಮನೆಯಲ್ಲಿರುತ್ತದೆ. ಹುಡುಕು. ಅದರಲ್ಲಿ ಎಷ್ಟು ಪ್ಯಾನೆಲ್ ಇವೆ, ಎಣಿಸು.

ಅಕ್ಕ

---

ಮಾರ್ಚ್ 12

ಅಕ್ಕಾ,

ಹದಿನೆಂಟು.

ಬಟ್ಟೆ ಕಪಾಟಿನ ಮೇಲೆ, ನಕ್ಷೆಗಳ ಕೊಳವೆಯಲ್ಲಿತ್ತು. ಸುತ್ತಲೂ ಚಂದದ ಬಿಳಿ ಪಟ್ಟಿ, ಅದರಲ್ಲಿ ಬಾಣದ ಗುರುತು ಹಾಕಿ "ಮೂರು ಅಡಿ" ಎಂದು ಬರೆದಿದ್ದಾರೆ. ಅಜ್ಜಿಯ ಬಾಗಿಲಿನಿಂದ ಬೀದಿಯವರೆಗೆ ಬಿಳಿ ದಾರಿ. ಕೆಳಗೆ ಇವರ ಸಹಿ. ಮೇಲೆ ಹೋಗಿ ಮತ್ತೆ ಎಣಿಸಿದೆ. ಇಪ್ಪತ್ನಾಲ್ಕು.

ಇವರನ್ನು ಕೇಳಿಲ್ಲ. ನೋಡುತ್ತಿದ್ದೇನೆ. ಟೀ ತಂದುಕೊಟ್ಟರೆ ಯಾಕೆ ತಂದುಕೊಟ್ಟರು ಅನ್ನಿಸುತ್ತದೆ. ತರದಿದ್ದರೆ ಯಾಕೆ ತರಲಿಲ್ಲ ಅನ್ನಿಸುತ್ತದೆ. ಮೊನ್ನೆ ಹಾಡು ಗುನುಗುತ್ತಾ ಶೂ ಒರೆಸುತ್ತಿದ್ದರು, ಇಷ್ಟು ನಿರಾಳವಾಗಿ ಯಾರು ಇರುತ್ತಾರೆ ಎಂದು ಬಾಗಿಲ ಸಂದಿಯಿಂದ ನೋಡುತ್ತಾ ನಿಂತೆ. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಪತ್ತೇದಾರಿಯಾಗಿದ್ದೇನೆ.

ಅಜ್ಜಿ ಕೆಳಗೆ ಬರಲು ಒಪ್ಪಲಿಲ್ಲ. "ಯಂತ್ರ ಬರೋದಿಲ್ಲ, ನಾನೂ ಬರೋದಿಲ್ಲ. ಆ ಸೋಫಾದಲ್ಲಿ ಮಲಗಿದರೆ ಬೆಂಕಿಗಿಂತ ಮೊದಲು ಸೊಂಟ ಹೋಗುತ್ತೆ" ಎಂದರು. ಮಧ್ಯಾಹ್ನವೆಲ್ಲ ನಾನೇ ಅವರ ಜೊತೆ ಕೂತಿರುತ್ತೇನೆ. ಒಲೆ ಹಚ್ಚಿದಾಗೆಲ್ಲ ಮೆಟ್ಟಿಲಿನ ಕಡೆ ನೋಡುತ್ತೇನೆ.

ಪತ್ತೇದಾರಿ ಶುರು ಮಾಡಿದಮೇಲೆ ನಿನ್ನನ್ನು ಮಾತ್ರ ಯಾಕೆ ಬಿಡಲಿ? ಠಾಣೆ ನಿನ್ನ ಮನೆಯ ಎದುರಿಗಿದೆ. ನೀನು ಬಸ್ಸು ಹತ್ತುವುದು ವರ್ಷಕ್ಕೆರಡು ಸಲ. ಎರಡು ಕಾಗದಗಳನ್ನೂ ಬಸ್ಸಿನಲ್ಲೇ ಬರೆದೆಯಾ? ಅಕ್ಷರಗಳೆಲ್ಲ ಎಡಕ್ಕೆ ವಾಲಿವೆ, ಶಾಯಿ ಅಳಿಸಿಕೊಂಡಿದೆ. ಎಡಗೈಯಲ್ಲಿ ಬರೆದರೆ ಹಾಗಾಗುತ್ತದೆ, ನಾನೂ ಬರೆದು ನೋಡಿದೆ. ನಿನ್ನ ಬಲಗೈಗೆ ಏನಾಗಿದೆ?

ನನ್ನ ಹತ್ತಿರವೂ ನಿನಗೆ ಹೇಳದ ಮಾತೊಂದಿದೆ. ಮೊದಲು ನೀನು ಹೇಳು.

ಗುಬ್ಬಿ

---

ಮಾರ್ಚ್ 16

ಗುಬ್ಬಿ,

ಎರಡು ಕಡೆ ಮುರಿದಿದೆ. ಮೊಣಕೈಯ ಕೆಳಗೆ ಒಂದು, ಮಣಿಕಟ್ಟಿನಲ್ಲಿ ಒಂದು. ಪ್ಲಾಸ್ಟರ್ ಹಾಕಿದ್ದಾರೆ. ಬರೆಯುವುದು ಎಡಗೈಯಲ್ಲೇ.

ಫೆಬ್ರವರಿ ಹದಿನೆಂಟು, ಮಧ್ಯಾಹ್ನ ಎರಡು ಗಂಟೆ. ಎರಡು ಅಂತಸ್ತಿನ ಮನೆ, ಕೆಳಗೆ ಅಡುಗೆಮನೆಯಲ್ಲಿ ಬೆಂಕಿ. ಮೇಲಿನ ಕೋಣೆಯಲ್ಲಿ ಕಾಲು ಮುರಿದು ಮಲಗಿದ್ದ ಒಬ್ಬ ಬಸ್ ಡ್ರೈವರ್. ನಾನು ಏಣಿ ಹತ್ತಿದೆ. ತಾರಸಿಯ ಅಂಚಿನವರೆಗೂ ಪ್ಯಾನೆಲ್, ಕಾಲಿಡಲು ಜಾಗವಿರಲಿಲ್ಲ. ನಮ್ಮವರ ಪೈಪಿನ ನೀರು ಬಿದ್ದು ಅವು ಒದ್ದೆಯಾಗಿದ್ದವು. ಪ್ಯಾನೆಲ್ ಮೇಲೆ ಕಾಲಿಡಬಾರದೆಂದು ಹೊಸಬರಿಗೆ ಪಾಠ ಹೇಳುವವಳು ನಾನೇ, ಆದರೆ ಕಿಟಕಿಯಲ್ಲಿ ಅವನ ಕೈ ಕಾಣುತ್ತಿತ್ತು. ಇಟ್ಟೆ. ಜಾರಿ ಕೆಳಗಿನ ಕಿಟಕಿಯ ಸಜ್ಜಾ ಮೇಲೆ ಬಿದ್ದೆ.

ನಮ್ಮವರು ಹಿಂಬದಿಯ ಗೋಡೆ ಒಡೆದು ಅವನನ್ನು ಹೊರಗೆ ತಂದರು. ಹನ್ನೊಂದು ನಿಮಿಷ ತಡವಾಗಿ. ಬದುಕಿದ್ದಾನೆ. ಇನ್ನೂ ಆಸ್ಪತ್ರೆಯಲ್ಲಿದ್ದಾನೆ, ಮಾತಾಡುವುದಿಲ್ಲ. ಆಮೇಲೆ ಆ ಮನೆಯ ನಕ್ಷೆ ತರಿಸಿ ನೋಡಿದೆವು. ಅವರ ಕಾಗದದಲ್ಲೂ ದಾರಿ ಇತ್ತು.

ನಿನ್ನ ಉಡುಗೊರೆಯ ಸಂಭ್ರಮದ ನಡುವೆ ಇದನ್ನು ಹೇಗೆ ಬರೆಯಲಿ ಎಂದು ಬರೆಯಲಿಲ್ಲ. ಬರೆಯದೆ, ಅದರ ಸಿಟ್ಟನ್ನೆಲ್ಲ ನಿನ್ನ ಗಂಡನ ಮೇಲೆ ಸುರಿದೆನೋ ಏನೋ. ಇರಬಹುದು. ಅನುಮಾನವನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ. ಪಕ್ಕದ ಮನೆಯಾಕೆ ಹಾಕುತ್ತಾಳೆ, ತುಂಬ ಬಿಗಿ.

ಈಗ ನಿನ್ನ ಸರದಿ.

ಅಕ್ಕ

---

ಮಾರ್ಚ್ 20

ಅಕ್ಕಾ,

ನಿನ್ನ ಕಾಗದವನ್ನು ಮೆಟ್ಟಿಲಿನ ಮೇಲೆ ಕೂತು ಓದಿದೆ. ಓದಿ ಮುಗಿಸಿ ಅಲ್ಲೇ ಕೂತಿದ್ದೆ, ಹಾಲು ಉಕ್ಕಿ ಒಲೆ ಆರಿಹೋಗುವವರೆಗೆ.

ನನ್ನ ಸರದಿ. ಮದುವೆಯಾದ ನಾಲ್ಕನೇ ದಿನ ಇವರು ತಾರಸಿಯ ನಕ್ಷೆ ಹರಡಿ, ಹದಿನೆಂಟು ಹಿಡಿಯುತ್ತವೆ ಎಂದರು. ಸುತ್ತಲೂ ಬಿಳಿ ಪಟ್ಟಿ ಕಂಡಿತು. ನಾನು ಅದರ ಮೇಲೆ ಬೆರಳಿಟ್ಟು, "ಇಷ್ಟೊಂದು ಖಾಲಿ ಯಾಕೆ? ಒಂದು ಸಂದೂ ಬಿಡದೆ ತುಂಬಿಸಿ, ನನಗೆ ತುಂಬಿದ್ದೇ ಇಷ್ಟ" ಎಂದೆ. ಅದೇ ನಮ್ಮ ಗುಟ್ಟು. ನೀನು ಅವರ ಮೇಲೆ ಒಂದೊಂದೇ ತಪ್ಪು ಹೊರಿಸುತ್ತಾ ಹೋದಾಗ ಆ ಪಟ್ಟಿ ತುಂಬಿಸಲು ಹೇಳಿದವಳು ನಾನೇ ಎಂದು ನನಗೆ ಗೊತ್ತಿತ್ತು. ಮೆರೆಯುವ ಆಸೆ ಯಾರದು ಎಂದೂ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ನೀನು ಅವರನ್ನು ಬೈಯುತ್ತಿದ್ದರೆ ನನ್ನನ್ನು ಬೈಯುವುದಿಲ್ಲವಲ್ಲ.

ನಿನ್ನೆ ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಅಜ್ಜಿಯ ಕೋಣೆಗೆ ಕರೆದೆ. ಕಟಿಂಗ್ ಟೇಬಲ್ ಮೇಲೆ ನಕ್ಷೆ ಹರಡಿ, ಪಕ್ಕದಲ್ಲಿ ನಿನ್ನ ಕಾಗದ ಇಟ್ಟೆ. ಓದಿದರು. ಪೆನ್ಸಿಲ್ ತೆಗೆದರು, ಮತ್ತೆ ಸಿಕ್ಕಿಸಿಕೊಳ್ಳಲಿಲ್ಲ.

"ನೀನೇ ಅಂದೆಯಲ್ಲ, ಒಂದು ಸಂದೂ ಬಿಡಬೇಡಿ ಅಂತ."

"ಅಂದೆ. ಅದು ದಾರಿ ಅಂತ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಯಾಕೆ ಹಾಕಿದಿರಿ?"

"ಮದುವೆಯಾಗಿ ನಾಲ್ಕನೇ ದಿನ. ನೀನು ಆಗ ಏನು ಕೇಳಿದ್ದರೂ ಹಾಕ್ತಿದ್ದೆ. ಹಾಕಿದಮೇಲೆ ಪ್ರತಿ ಭಾನುವಾರ ಅಳೆದು ನೋಡ್ತೀನಿ, ಎಲ್ಲಾದರೂ ಜಾಸ್ತಿ ಸಿಗುತ್ತಾ ಅಂತ. ಸಿಗಲ್ಲ."

ಅಜ್ಜಿ ಯಂತ್ರ ನಿಲ್ಲಿಸಲಿಲ್ಲ. ತುಳಿಯುತ್ತಲೇ ಹೇಳಿದರು: "ನಲವತ್ತು ವರ್ಷ ಹೊಲಿದೆ. ಮದುವೆ ಹುಡುಗೀರು ಬರೋರು, ಬಿಗಿಯಾಗಿ ಹೊಲೀರಿ, ಒಂದು ನೂಲೂ ಸಡಿಲ ಬೇಡ ಅನ್ನೋರು. ಹೂಂ ಅಂತಿದ್ದೆ. ಒಳಗೆ ಒಂದಿಂಚು ಬಿಡ್ತಿದ್ದೆ. ಅವರಿಗೆ ಹೇಳ್ತಾನೂ ಇರಲಿಲ್ಲ. ವರ್ಷ ಕಳೆದಮೇಲೆ ಬಿಚ್ಚಿಸೋಕೆ ನನ್ನ ಹತ್ತಿರಾನೇ ಬರೋರು. ಅವಳು ಕೇಳಿದ್ದು ತಪ್ಪಲ್ಲ ಕಣೋ. ಕತ್ತರಿ ನಿನ್ನ ಕೈಲಿತ್ತು."

ಇವರು ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಅಜ್ಜಿ ತಮ್ಮದನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ಇವರ ಮುಖ ನೋಡಬೇಕಿತ್ತು.

ಬೀಗ ಆಗಲೇ ಬಿಚ್ಚಿದರು. ಸೋಮವಾರ ತಾವೇ ಆ ಅಧಿಕಾರಿಯ ಕಚೇರಿಗೆ ಹೋಗಿ, ನಕ್ಷೆಗೂ ತಾರಸಿಗೂ ಹೊಂದುವುದಿಲ್ಲ ಎಂದು ಬರೆದುಕೊಡುತ್ತಾರಂತೆ. ಅಂಗಡಿಯಲ್ಲಿ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಗುರುವಾರ ಕೆಲಸಗಾರರು ಬಂದು ಆರು ಪ್ಯಾನೆಲ್ ಇಳಿಸುತ್ತಾರಂತೆ. ಎಲ್ಲ "ಅಂತೆ"ಗಳೇ, ನೋಡು. ಫೆಬ್ರವರಿಯಲ್ಲಾಗಿದ್ದರೆ ಅವರು ಅಂದದ್ದನ್ನು ಆಯಿತು ಎಂದೇ ನಿನಗೆ ಬರೆಯುತ್ತಿದ್ದೆ. ಈಗ ಅವರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಎಣಿಸುವುದನ್ನು ಮಾತ್ರ ಕಲಿತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಮತ್ತೆ ಡಿಕ್ಷನರಿ, ಮತ್ತೆ ಹಾಸಿಗೆ. ಬಾಗಿಲಿನಿಂದ ಬೀದಿಯ ಅಂಚಿಗೆ ಹೋಗಿ, ತಿರುಗಿ, ಎಲ್ಲೂ ತಗುಲದೆ ವಾಪಸ್ ಬಂದರೆ ಇವರು ನನ್ನ ಜೊತೆ ನಿನ್ನಲ್ಲಿಗೆ ಬರುತ್ತಾರೆ. ನಿನ್ನೆದುರು ನಿಂತು ಬೈಸಿಕೊಳ್ಳಬೇಕಂತೆ. ಅಜ್ಜಿ ತಮ್ಮ ಯಂತ್ರದ ಜೊತೆ ತಮ್ಮ ಕೋಣೆಯಲ್ಲಿರುತ್ತಾರೆ, ಮೇಷ್ಟ್ರ ಹೆಂಡತಿ ಬಂದು ಹೋಗುತ್ತಿರುತ್ತಾರೆ. ಒಂದೇ ಒಂದು ಕಡೆ ಹಾಸಿಗೆ ತಗುಲಿದರೂ ಇವರು ಇಲ್ಲೇ ಉಳಿಯುತ್ತಾರೆ, ನನ್ನ ಜೊತೆ ಅಜ್ಜಿ ಬರುತ್ತಾರೆ. ಕೇಳಿದ್ದಕ್ಕೆ, "ಸೋಫಾಗೆ ಇಳಿಯಲ್ಲ ಅಂದಿದ್ದೆ, ರೈಲಿಗಾದರೆ ಇಳೀತೀನಿ" ಎಂದರು. ಈ ಷರತ್ತನ್ನು ಇವರ ಎದುರಿಗೇ ಹೇಳಿದ್ದೇನೆ. ಇನ್ನು ಗುಟ್ಟು ಬೇಡ.

ಯಾರು ಬಂದರೂ ನಾನಂತೂ ಒಂದು ವಾರ ಇರುತ್ತೇನೆ. ನಿನ್ನ ಜಡೆಯನ್ನು ನಾನು ಹಾಕುತ್ತೇನೆ, ಸಡಿಲವಾಗಿ. ಟಿಕೆಟ್ ಎರಡು ತೆಗೆಸಿದ್ದೇನೆ. ಸ್ಟೇಷನ್ನಿಗೆ ಬಂದು ನಿಲ್ಲು, ಚೀಲ ಎತ್ತಲು ಬರಬೇಡ. ನನ್ನ ಮುಖ ನೋಡಬೇಡ, ನನ್ನ ಹಿಂದೆ ಯಾರು ಇಳಿಯುತ್ತಾರೆ ಎಂದು ನೋಡು. ಶನಿವಾರ, ಮಾರ್ಚ್ 28, ಸಂಜೆ ನಾಲ್ಕು ಇಪ್ಪತ್ತರ ಪ್ಯಾಸೆಂಜರ್.

ಗುಬ್ಬಿ